ತಳ ಕಾಣದ ಎಣ್ಣೆ ಡಬ್ಬಿ

ದೀಪಾವಳಿಗೆ ಇನ್ನೆರಡು ದಿನವಿತ್ತು. ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಅತ್ತೆ ಒಲೆಯ ಮುಂದೆ ಕೂತು ಚಕ್ಕುಲಿ ಕರಿಯುತ್ತಿದ್ದರು. ನಾನು ಪಕ್ಕದಲ್ಲಿ ಹಿಟ್ಟು ಒತ್ತುತ್ತಿದ್ದೆ. ಪಕ್ಕದ ಮನೆಯಾಕೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ನಮ್ಮ ಜೊತೆ ಮಾತಾಡುತ್ತಿದ್ದರು. ಅವರ ಮನೆಮಾತು ಉರ್ದು, ನಮ್ಮ ಜೊತೆ ಆಡುತ್ತಿದ್ದದ್ದು ಕನ್ನಡ. ಮುಂದಿನ ಕೋಣೆಯಲ್ಲಿ ಮಾವ ಪೇಪರು ಹಿಡಿದು ಕೆಮ್ಮುತ್ತಿದ್ದರು. ನನ್ನ ಗಂಡ ಯಶವಂತಪುರದ ಕಾರ್ಖಾನೆಗೆ ಹೋಗಿದ್ದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನಗೆ ಮದುವೆಯಾಗಿ ಮೂರನೇ ವರ್ಷ.

ಕರಿಯುವುದು ಮುಗಿಯಿತು. ಬಾಣಲೆಯಲ್ಲಿ ಉಳಿದ ಎಣ್ಣೆ ಆರುವ ತನಕ ಕಾದು, ಅತ್ತೆ ಮೂಲೆಯಲ್ಲಿದ್ದ ದೊಡ್ಡ ತಗಡಿನ ಡಬ್ಬಿಯ ಮುಚ್ಚಳ ತೆಗೆದು ಅದರೊಳಕ್ಕೆ ಸುರಿದರು. ಪಕ್ಕದ ಮನೆಯಾಕೆಯ ಕೈ ನಿಂತಿತು. ಸೆರಗಿನ ತುದಿಯನ್ನು ಮೂಗಿಗೆ ಹಿಡಿದರು.

"ಇದು ಎಲ್ಲಿ ಎಣ್ಣೆ ಅಮ್ಮಾ?"

"ನಮ್ಮ ತವರಮನಿದವಾ. ಕುಸಬಿ ಎಣ್ಣಿ. ನಮ್ಮ ತಮ್ಮ ವರ್ಷಾ ಕಳಸ್ತಾನ" ಎಂದು ಅತ್ತೆ ಹೆಮ್ಮೆಯಿಂದ ಹೇಳಿ, ಮಾವನಿಗೆ ನೀರು ಕೊಡಲು ಎದ್ದು ಹೋದರು.

ಆಕೆ ನನ್ನ ಕಡೆ ಬಾಗಿ, "ಬೇಜಾರು ಮಾಡ್ಕೋಬೇಡಮ್ಮಾ, ಆ ಎಣ್ಣೆ ಪೂರಾ ಖರಾಬ್ ಆಗಿದೆ. ನಮ್ಮನೆಯವರು ಎಣ್ಣೆ ಪರೀಕ್ಷೆ ಕೆಲಸಾನೇ ಮಾಡೋದು. ಒಂದು ಸಣ್ಣ ಬಾಟಲಿ ಕೊಡು, ತೋರಿಸ್ತೀನಿ" ಎಂದರು.

ನಾನು ಚಕ್ಕುಲಿ ಒರಳು ತೊಳೆಯತೊಡಗಿದೆ. ಆ ಕಮಟು ವಾಸನೆ ನನ್ನ ಮೂಗಿಗೆ ಬಡಿದು ಎರಡು ವರ್ಷವಾಗಿತ್ತು ಎಂದು ಹೇಗೆ ಹೇಳುವುದು?

ನಾನು ಯಲಹಂಕದ ಕಡೆಯವಳು, ಅತ್ತೆಯ ಮನೆಯವರು ಬಿಜಾಪುರದ ಕಡೆಯವರು. ಹೊಸದಾಗಿ ಬಂದ ಸೊಸೆ ಅತ್ತೆಯ ತವರಿನ ಎಣ್ಣೆ ನಾರುತ್ತದೆ ಎಂದರೆ, ಅದು ಎಣ್ಣೆಯ ಮೇಲಿನ ಮಾತಾಗಿ ಉಳಿಯುವುದಿಲ್ಲ. ಗಾಣದಿಂದ ಆಡಿಸಿ, ಡಬ್ಬಿಗೆ ಬೆಸುಗೆ ಹಾಕಿಸಿ, ರೈಲಿನಲ್ಲಿ ಬರುವ ಯಾರದೋ ಕಾಲ ಬುಡದಲ್ಲಿ ಇಡಿಸಿ ಯಶವಂತಪುರದ ತನಕ ಕಳಿಸುವ ತಮ್ಮನ ಪ್ರೀತಿಯ ಮೇಲೆ ಬೀಳುತ್ತದೆ. ನನಗೆ ಆ ಧೈರ್ಯವಿರಲಿಲ್ಲ.

ಆ ಡಬ್ಬಿಗೊಂದು ನೇಮವಿತ್ತು. ಅದರ ತಳ ಕಾಣಬಾರದು. ಹೊಸ ಎಣ್ಣೆ ಬಂದಾಗ ಹಳೆಯದರ ಮೇಲೇ ಸುರಿಯಬೇಕು. ಕರಿದು ಉಳಿದದ್ದನ್ನೂ ಅದಕ್ಕೇ ಸೇರಿಸಬೇಕು. ಅತ್ತೆ ಈ ಊರಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಅಷ್ಟು ವರ್ಷದ ಎಣ್ಣೆಯೂ ಒಂದರ ಮೇಲೊಂದು ಅದರಲ್ಲಿತ್ತು. ಡಬ್ಬಿ ಇದ್ದದ್ದು ಒಲೆಯ ಪಕ್ಕದಲ್ಲಿ, ಅದೂ ಪಡುವಣ ಕಿಟಕಿಯ ಕೆಳಗೆ. ಮಧ್ಯಾಹ್ನದ ಬಿಸಿಲಿಗೆ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು.

ಆ ಎಣ್ಣೆ ತಿನ್ನುತ್ತಿದ್ದವರು ಅತ್ತೆ ಒಬ್ಬರೇ. ಮಾವನಿಗೆ ಎದೆನೋವು ಬಂದ ಮೇಲೆ ಡಾಕ್ಟರು ಎಣ್ಣೆ ತುಪ್ಪ ಬಿಡಿಸಿದ್ದರು. ಹಬ್ಬಕ್ಕೆ ಕರಿಯಲೂ, ನನಗೂ ಗಂಡನಿಗೂ ಅಂಗಡಿಯ ಕಡಲೆಕಾಯಿ ಎಣ್ಣೆ. ಅತ್ತೆ ಮಾತ್ರ ದಿನಾ ಎರಡು ಹೊತ್ತು ಜೋಳದ ರೊಟ್ಟಿ, ಅಗಸೆ ಚಟ್ನಿಪುಡಿ, ಅದರ ನಡುವೆ ಗುಂಡಿ ಮಾಡಿ ಹಸಿ ಎಣ್ಣೆ. ಕೆಂಪಾಪುರದಿಂದ ಸೊಪ್ಪು ಹೊತ್ತು ತರುವಾಕೆ ಬಾಗಿಲಲ್ಲಿ "ಇಂಗೆ ನೋಡವ್ವಾ, ಎಂಗೈತೆ ದಂಟು" ಎಂದು ಬುಟ್ಟಿ ಇಳಿಸಿದರೆ ಕೊಳ್ಳುತ್ತಿದ್ದೆವು. ಪಲ್ಯ ಮಾವನ ತಟ್ಟೆಗೆ ಹೋಗುತ್ತಿತ್ತು. ಕಿತ್ತಳೆ, ಸೀಬೆ, ಏನು ತಂದರೂ "ಅವರಿಗೆ ಹಾಕು". ಮನೆಯವರೆಲ್ಲರ ಕಣ್ಣು ಮಾವನ ಎದೆಯ ಮೇಲೆ. ಅತ್ತೆಯನ್ನು ಯಾರೂ ನೋಡುತ್ತಿರಲಿಲ್ಲ.

ನಾನು ನೋಡಿದ್ದು ಬಳೆಯಿಂದ. ಬಟ್ಟೆ ಒಗೆಯುವಾಗ ಅತ್ತೆ ಕೈ ಮೇಲೆತ್ತಿದರೆ ಹಸಿರು ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ನಾನು ಬಂದ ವರ್ಷ ಅವೇ ಬಳೆ ಮಣಿಕಟ್ಟಿನಲ್ಲೇ ಬಿಗಿಯಾಗಿದ್ದವು. ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಹೊಟ್ಟೆ ಕೆಡುವುದು, ತುಟಿಯ ಮೂಲೆ ಒಡೆಯುವುದು, ನಾಲ್ಕು ಹೆಜ್ಜೆಗೆ ಗೋಡೆ ಹಿಡಿಯುವುದು. ಬಸ್‌ಸ್ಟಾಪಿನ ಹತ್ತಿರದ ಡಾಕ್ಟರು ನಾಡಿ ನೋಡಿ, "ಅರವತ್ತಾಯ್ತಲ್ಲಮ್ಮಾ, ವಯಸ್ಸು" ಎಂದು ಒಂದು ಟಾನಿಕ್ ಬರೆದುಕೊಟ್ಟಿದ್ದರು. ನನಗೆ ಹೆದರಿಕೆ ಹತ್ತಿದ್ದು ಆಗ. ಅರವತ್ತಕ್ಕೆ ಇಷ್ಟು ಬೇಗ ಬೇಗ ಯಾರಾದರೂ ಕರಗುತ್ತಾರಾ? ದಿನಾ ಅವರ ರೊಟ್ಟಿಯ ಮೇಲೆ ಆ ಎಣ್ಣೆ ಹಾಕುತ್ತಿದ್ದದ್ದು ನನ್ನ ಕೈ.

ಹಬ್ಬ ಮುಗಿದ ಮೇಲೆ ಅತ್ತೆಯ ಟಾನಿಕ್ಕಿನ ಖಾಲಿ ಬಾಟಲಿಯಲ್ಲಿ ಎಣ್ಣೆ ತುಂಬಿ, ಸೆರಗಿನಲ್ಲಿ ಮುಚ್ಚಿ, ಪಕ್ಕದ ಮನೆಗೆ ಕೊಟ್ಟುಬಂದೆ. ಆಕೆಯ ಗಂಡ ಹೆಬ್ಬಾಳದ ಕಡೆ ಒಂದು ಪ್ರಯೋಗಶಾಲೆಯಲ್ಲಿ ಎಣ್ಣೆಕಾಳು ಪರೀಕ್ಷೆ ಮಾಡುತ್ತಿದ್ದರು. ನಾಲ್ಕು ದಿನ ಬಿಟ್ಟು ಕಾಂಪೌಂಡಿನ ಆಚೆಯಿಂದ ಕರೆದರು.

"ಎಣ್ಣೆ ಗಾಳಿ ಕುಡಿಯುತ್ತೆ ಕಣಮ್ಮಾ. ಕಬ್ಬಿಣಕ್ಕೆ ತುಕ್ಕು ಹಿಡಿಯಲ್ವಾ, ಹೆಚ್ಚುಕಮ್ಮಿ ಅದೇ ಕೆಲಸ. ಕುಸುಬೆ ಒಳ್ಳೇ ಎಣ್ಣೇನೇ, ಆದ್ರೆ ಬಲು ಬೇಗ ಕೆಡುತ್ತೆ. ಕೆಟ್ಟಿದ್ರ ಮೇಲೆ ಹೊಸಾದು ಹುಯ್ದ್ರೆ ಹಾಲಿಗೆ ಹೆಪ್ಪು ಹಾಕಿದಂಗೆ, ಹೊಸಾದೂ ಕೆಡುತ್ತೆ."

"ತಿಂದ್ರೆ ಏನಾಗತ್ತೆ?"

"ಆ ತುಕ್ಕು ಮೈಯೊಳಗೂ ಕೆಲಸ ಮಾಡುತ್ತೆ ಅಂತಾರೆ. ಪ್ರಾಯದಲ್ಲಿರೋರ ಮೈ ತೊಳ್ಕೊಂಡುಬಿಡುತ್ತೆ. ವಯಸ್ಸಾದ್ಮೇಲೆ ತೊಳ್ಯೋ ಶಕ್ತಿ ಕಮ್ಮಿ. ಸೊಪ್ಪು, ಹಣ್ಣು ತಿಂತಿದ್ರೆ ಸ್ವಲ್ಪ ಆಸರೆ. ಅಮ್ಮ ತಿಂತಾರಾ?"

"ಎಲ್ಲಾ ಮಾವನಿಗೇ ಹಾಕಿಸ್ತಾರೆ" ಎಂದೆ.

"ನೋಡಮ್ಮಾ, ನಾನೇನು ಡಾಕ್ಟರಲ್ಲ. ಅವರು ಸೊರಗಿರೋದು ಇದ್ರಿಂದ್ಲೇ ಅಂತ ಹೇಳಕ್ಕಾಗಲ್ಲ. ಆದ್ರೆ ಈ ಬಾಟಲಿಲಿರೋದನ್ನ ನಮ್ಮಮ್ಮನಿಗೆ ನಾನು ಕೊಡಲ್ಲ."

ಅಂದು ಸಂಜೆ ಅತ್ತೆಗೆ ಹೇಳಿದೆ. ಎಣ್ಣೆ ಕೆಟ್ಟಿದೆ, ಡಬ್ಬಿ ಖಾಲಿ ಮಾಡಿ ತೊಳೆಯೋಣ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅವರ ಮುಖ ಬಿಳಿಚಿಕೊಂಡಿತು.

"ನಮ್ಮವ್ವ ಒಮ್ಮೆ ಖಾಲಿ ಮಾಡಿದ್ಲು" ಎಂದರು. "ಇಲಿ ಬಿದ್ದಿತ್ತಂತ ಹೇಳಿ ಚೆಲ್ಲಿ, ತಿಕ್ಕಿ, ಬೋರಲ ಹಾಕಿದ್ಲು. ತಿಂಗಳ ತುಂಬೂದ್ರಾಗ ನಮ್ಮಪ್ಪ ಹೋದಾ. ನಾ ಆಗ ಒಂಬತ್ತು ವರ್ಷದಾಕಿ. ನಮ್ಮವ್ವನ ಕೈಯಾಗಿನ ಬಳಿ ಒಡಿಯೂದು ನೋಡೀನಿ." ಮುಂದಿನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. "ನಾ ಎಷ್ಟರ ಸೊರಗಲಿ. ಅದನ್ನ ಮುಟ್ಟಬ್ಯಾಡ ನನ್ನವ್ವಾ."

ಅದಾದ ಮೇಲೆ ಅವರ ರೊಟ್ಟಿಗೆ ನಾನು ಎಣ್ಣೆ ಹಾಕುವುದನ್ನು ಬಿಟ್ಟೆ. ಅವರೇ ಹಾಕಿಕೊಂಡರು, ಮೊದಲಿಗಿಂತ ಹೆಚ್ಚಾಗಿ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನೀರು ಸೇದುವಾಗ ಹಿತ್ತಿಲ ಬಾವಿಕಟ್ಟೆಯ ಮೇಲೆ ಕುಸಿದರು. ನಾನು ಹಿಡಿದುಕೊಂಡಾಗ ಮೈಯಲ್ಲಿ ಭಾರವೇ ಇರಲಿಲ್ಲ. ಒಂದು ಗಳಿಗೆ ತಡವಾಗಿದ್ದರೆ ಬಾವಿಯೊಳಗೆ ಹೋಗುತ್ತಿದ್ದರು.

ಮುಂದಿನ ಗುರುವಾರ ಅವರನ್ನು ಪಕ್ಕದ ಬೀದಿಯ ಭಜನೆಗೆ ರಿಕ್ಷಾದಲ್ಲಿ ಕಳಿಸಿ, ಡಬ್ಬಿಯನ್ನು ಹಿತ್ತಿಲಿಗೆ ಎಳೆದೆ. ಚರಂಡಿಯ ಪಕ್ಕ ಗುಂಡಿ ತೋಡಿ ಬಗ್ಗಿಸಿದೆ. ಮೇಲಿನದು ಹಳದಿ, ಆಮೇಲೆ ಕಂದು. ಕೊನೆಗೆ ಏನೂ ಇಳಿಯಲಿಲ್ಲ. ಒಳಗೆ ಬಗ್ಗಿ ನೋಡಿದೆ. ತಳದಲ್ಲಿ ಬೆರಳು ಗಾತ್ರದ ಅಂಟು, ಮರದ ಬಂಕೆಯ ಹಾಗೆ ಕಚ್ಚಿಕೊಂಡಿತ್ತು. ಸಟ್ಟುಗದಿಂದ ಕೆರೆಯತೊಡಗಿದೆ.

"ಏನ್ ನಡಸೀಯವಾ?"

ಮಾವ ಬಾಗಿಲಲ್ಲಿ ನಿಂತಿದ್ದರು. ನಾನು ಸಟ್ಟುಗ ಕೆಳಗಿಟ್ಟೆ. ಡಬ್ಬಿಯ ಕಥೆ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಇದು ಅವರದೇ ಪ್ರಾಣದ ಮಾತೆಂದು ಅವರಿಗೂ ಗೊತ್ತಿತ್ತು. ಅವರು ನಿಧಾನವಾಗಿ ಮೆಟ್ಟಿಲು ಇಳಿದು ಬಂದು, ಡಬ್ಬಿಯೊಳಗೆ ಇಣುಕಿ, ಮೂಗು ಮುಚ್ಚಿಕೊಂಡರು.

"ಇದನ್ನ ತಿಂತಿದ್ಲಾ ಆಕಿ?"

"ಹೂಂ."

ಸಟ್ಟುಗ ತಗೊಂಡು ತಾವೇ ತಳವನ್ನು ಕೆರೆದು ನೋಡಿದರು. ಆಮೇಲೆ, "ಬೂದಿ ತಗೊಂಡ್ ಬಾ. ಸಟ್ಟುಗಕ್ಕ ಬಗ್ಗೂದಿಲ್ಲ ಇದು" ಎಂದರು. ಹೋಗುತ್ತಾ ತಿರುಗಿ, "ಡಬ್ಬಿ ಖಾಲಿ ಮಾಡಿದ್ರ ನಾ ಹೋಗ್ತೀನಂದ್ರ, ಡಾಕ್ಟರ್ ಇಷ್ಟ ಗುಳಿಗಿ ಯಾಕ ನುಂಗಸ್ತಾನ?" ಎಂದು ನಕ್ಕರು. ಆ ನಗು ಅರ್ಧಕ್ಕೇ ನಿಂತು ಕೆಮ್ಮಾಯಿತು. ಗೋಡೆ ಹಿಡಿದು ನಿಂತರು. ನಾನು ತಂದ ಬೂದಿಯನ್ನು ಕೆಳಗಿಟ್ಟು ಅವರತ್ತ ಹೆಜ್ಜೆ ಹಾಕಿದೆ. ಈಗಲೇ, ಇಲ್ಲಿಯೇ ಏನಾದರೂ ಆಗಿಬಿಟ್ಟರೆ?

ಕೆಮ್ಮು ನಿಂತಿತು. ನಾನು ತಿಕ್ಕಿದೆ.

ಅತ್ತೆ ಬಂದವರು ಮೂಲೆಯಲ್ಲಿದ್ದ ಡಬ್ಬಿಯ ಮೇಲೆ ಬಿಸಿಲು ಹೊಳೆಯುತ್ತಿದ್ದುದನ್ನು ನೋಡಿದರು.

"ತಳ ನೋಡಿದೇನು?"

"ನೋಡಿದೆ ಅತ್ತೆ."

ಅತ್ತೆ ಹೋಗಿ ಮಾವನ ಕಾಲ ಬಳಿ ಕೂತರು. ಆ ದಿನದಿಂದ ಅವರು ಮಾವನ ಉಸಿರು ಕಾಯತೊಡಗಿದರು, ನಾನೂ ಕಾದೆ. ಮಾವ ಸೀನಿದರೆ ನಾವಿಬ್ಬರೂ ಎರಡು ಕೋಣೆಯಿಂದ ಏಳುತ್ತಿದ್ದೆವು. ಅವರು ಹಾಲಿನವನ ಬಳಿ ಹೋಗಿ ಬರುವುದು ಹತ್ತು ನಿಮಿಷ ತಡವಾದರೆ ಅತ್ತೆ ಗೇಟಿನಲ್ಲಿ ನಿಲ್ಲುತ್ತಿದ್ದರು, ನಾನು ಅವರ ಹಿಂದೆ. ಒಂದು ತಿಂಗಳು ಕಳೆದರೆ ಸಾಕು ಎಂದುಕೊಂಡೆ. ಕಳೆಯಿತು. ಭಯ ಮಾತ್ರ ಕಳೆಯಲಿಲ್ಲ, ಇನ್ನೊಂದು ತಿಂಗಳಿಗೆ ದಾಟಿಕೊಂಡಿತು.

ಈ ನಡುವೆ ಮಾವ ಒಂದು ಹಟ ಹಿಡಿದಿದ್ದರು. ಕಿತ್ತಳೆ ಬಿಡಿಸಿದರೆ ಅರ್ಧ ಅತ್ತೆಗೆ. "ನೀ ತಿನ್ನದಿದ್ರ ನಂಗೂ ಬ್ಯಾಡ, ತಗೊಂಡ್ ಹೋಗು" ಎಂದು ತಟ್ಟೆ ದೂಡುತ್ತಿದ್ದರು. ಅವರ ಎದೆಗೆ ಹೆದರಿ ಅತ್ತೆ ತಿಂದರು. ದಂಟು, ಮೆಂತ್ಯ, ನುಗ್ಗೆಸೊಪ್ಪು, ಎಲ್ಲವನ್ನೂ ಹಾಗೆಯೇ ಹೆದರಿ ಹೆದರಿ ತಿಂದರು. ಇನ್ನು ಎಣ್ಣೆ ಕಳಿಸಬೇಡವೆಂದು ಅತ್ತೆಯ ತಮ್ಮನಿಗೆ ಮಾವನೇ ಕಾಗದ ಬರೆದರು. ಯಶವಂತಪುರದ ಗಾಣದಿಂದ ತಿಂಗಳಿಗಾಗುವಷ್ಟು ಎಣ್ಣೆ ತಂದು, ಕಪ್ಪು ಬಾಟಲಿಯಲ್ಲಿ ಕತ್ತಲ ಕಪಾಟಿನಲ್ಲಿಟ್ಟೆ. ಮಳೆಗಾಲದ ಹೊತ್ತಿಗೆ ಅತ್ತೆಯ ಹೊಟ್ಟೆ ಕೆಡುವುದು ನಿಂತಿತ್ತು. ನಾಗರಪಂಚಮಿಗೆ ನಾನು ಕೊಡ ಎತ್ತಲು ಹೋದರೆ ನನ್ನನ್ನು ಸರಿಸಿ ತಾವೇ ನೀರು ಸೇದಿದರು. ಎಣ್ಣೆ ಬಿಟ್ಟಿದ್ದಕ್ಕೋ, ಸೊಪ್ಪು ಹಣ್ಣು ತಿಂದಿದ್ದಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಪಕ್ಕದ ಮನೆಯವರನ್ನು ಕೇಳಿದರೆ, "ಎರಡೂ ಇರಬಹುದು ಕಣಮ್ಮಾ" ಎಂದರು.

ಆದರೆ ಅತ್ತೆ ಆ ಗುರುವಾರದ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಅದೇ ದೊಡ್ಡ ಹೆದರಿಕೆ. ಯಾವತ್ತೋ ಒಂದು ದಿನ ಆಡುತ್ತಾರೆ, ಆ ದಿನ ಯಾವುದೆಂದೂ ನನಗೆ ಗೊತ್ತಿತ್ತು.

ಡಬ್ಬಿ ತೊಳೆದ ಎರಡನೇ ವರ್ಷದ ಮಾಘದಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದ ಮಾವ ಏಳಲಿಲ್ಲ. ಬಿಜಾಪುರದಿಂದ ಜನ ಬಂದರು. ಬಂದವರೊಬ್ಬರು ಮೂಲೆಯಲ್ಲಿ ಖಾಲಿ ಡಬ್ಬಿ ನೋಡಿ, "ಇದನ್ಯಾರ ಬರಿದ ಮಾಡಿದ್ರು?" ಎಂದು ಅತ್ತೆಯನ್ನೇ ಕೇಳಿದರು. ನಾನು ನೀರಿನ ಚೊಂಬು ಹಿಡಿದು ಬಾಗಿಲಲ್ಲಿದ್ದೆ. ಅತ್ತೆ ತಲೆ ಎತ್ತಲಿಲ್ಲ. "ನಾನ ಮಾಡೀನಿ" ಎಂದರು.

ಹದಿಮೂರನೇ ದಿನದ ಅಡುಗೆಗೆ ಅವರು ನನ್ನ ಕೈಗೆ ಕಪ್ಪು ಬಾಟಲಿಯಿದ್ದ ಚೀಲ ಕೊಟ್ಟು, "ಗಾಣಕ್ಕ ಹೋಗಿ ಎಣ್ಣಿ ತಗೊಂಡ್ ಬಾ. ಇವತ್ತಿಗಾಗೂ ಅಷ್ಟ ತಾ" ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟಾಪಿಗೆ ನಡೆದೆ.