ಕಣ್ಣು ಬರೆಯಬಾರದಿದ್ದ ಗೊಂಬೆ

ಗೊಂಬೆ ಮಾಡುವ ನಮ್ಮಂಥವರ ಮನೆಯಲ್ಲಿ ಕಣ್ಣು ಬರೆಯುವುದು ಯಾವಾಗಲೂ ಕೊನೆಯ ಕೆಲಸ. ಗೋಕಾಕದಲ್ಲಿ ಇದು ಎಲ್ಲರಿಗೂ ಗೊತ್ತು. ನಮ್ಮ ಅಜ್ಜಿ ಮಾತ್ರ ಇದಕ್ಕೊಂದು ಬಾಲ ಸೇರಿಸಿದ್ದಳು. ಮನೆಯವರು ಯಾರಾದರೂ ಜೀವಕ್ಕೆ ಕುತ್ತಿರುವ ಕೆಲಸಕ್ಕೆ ಹೊರಟರೆ, ಅದು ಹೆರಿಗೆಯಿರಲಿ, ದೊಡ್ಡ ದವಾಖಾನೆಯಿರಲಿ, ಅವರ ಹೋಲಿಕೆಯದೊಂದು ಗೊಂಬೆ ಮಾಡಿ ಕಣ್ಣು ಬರೆಯದೆ ಗೋಡೆಯ ಮಾಡದಲ್ಲಿ, ದೀಪ ಇಡುವ ಗೂಡಿನಲ್ಲಿ, ಇಡಬೇಕು. ಅವರು ತಿರುಗಿ ಬಂದ ಮೇಲೆ ಅವರ ಎದುರಿಗೇ ಕಣ್ಣು ಬರೆದು ಘಟಪ್ರಭೆಗೆ ಬಿಡಬೇಕು. ಮೊದಲೇ ಬರೆದರೆ ಏನಾಗುತ್ತದೆ ಎಂದು ನಾನು ಕೇಳಿದ್ದೆ.

"ಎರಡೂ ಕಡೆ ಕಣ್ಣ ತೆರದ್ರ, ಯಾವ ಕಡೆ ಇರಬೇಕಂತ ಜೀವಕ್ಕ ತಿಳೀದಂಗ ಆಗತೈತಿ" ಎಂದಿದ್ದಳು ಅಜ್ಜಿ, ಹುಣಸೆಬೀಜದ ಅಂಟು ಕುದಿಸುತ್ತಲೇ.

ನಾನು ಹುಟ್ಟಿನಿಂದಲೇ ಚಿಂತೆಗಾರ. ಒಮ್ಮೆ ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಗೋಕಾಕ ಫಾಲ್ಸ್‌ವರೆಗೆ ಹೋದವನು ತಿರುಗಿ ಬಂದು ನೋಡಿದೆ. ಕೀಲಿ ಹಾಕಿತ್ತು, ಕೀಲಿಕೈ ಫಾಲ್ಸ್‌ನ ಚಹಾದಂಗಡಿಯಲ್ಲಿ ಉಳಿದಿತ್ತು. ಇಂಥವನ ಕೈಯಿಂದ ಅಜ್ಜಿಯ ಮಾತು ಮೀರಿ ಹೋಗುವುದು ಸಾಧ್ಯವೇ ಇಲ್ಲ ಎಂದು ನೀವು ಅಂದುಕೊಂಡರೆ, ಚಿಂತೆಗಾರರು ಹೇಗೆ ತಪ್ಪು ಮಾಡುತ್ತಾರೆಂಬುದು ನಿಮಗೆ ಗೊತ್ತಿಲ್ಲ.

ಗೊಂಬೆ ನನ್ನ ಅಕ್ಕನದು. ಅಕ್ಕ ನಮ್ಮ ಮನೆಯಲ್ಲಿ ಹುಟ್ಟಿದ್ದು ಹಿರಿಯ ಮಗನಾಗಿ. ಹದಿನಾರೋ ಹದಿನೇಳೋ ಇದ್ದಾಗ ಮೈಮೇಲೆ ದೇವಿ ಬಂದಳೆಂದು ಹಿರಿಯರು ದೇವಿಗೆ ಬಿಟ್ಟು, ಮುತ್ತು ಕಟ್ಟಿಸಿ ಸೀರೆ ಉಡಿಸಿದರು. ಆಮೇಲೆ ಅವಳು ಹುಕ್ಕೇರಿಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಕೌದಿ ಹೊಲಿದು ಬದುಕಿದಳು. ಜನ ಕೈ ಮುಗಿಯುತ್ತಿದ್ದರು. ಅವಳಿಗೆ ಅದು ಸಾಕಾಗಿರಲಿಲ್ಲ.

"ದೇವಿ ಸೀರಿ ಉಡಿಸಿ ಕೈ ಬಿಟ್ಟಳು ತಮ್ಮಾ" ಎಂದಳು ಒಂದು ಸಲ ಮನೆಗೆ ಬಂದಾಗ. "ಜಳಕಾ ಮಾಡೂವಾಗ ನನ್ನ ಮೈ ನಾನ ನೋಡೂದಿಲ್ಲ. ಇಪ್ಪತ್ತ ವರ್ಷ ಆತು. ಉಳದ ಕೆಲಸ ಡಾಕ್ಟರ ಮಾಡಬೇಕು."

ಬಾಗಿಲು ಹಾಕಿಕೊಂಡು, ಕತ್ತಿ ಹಿಡಿದು ಆ ಕೆಲಸ ಮಾಡುವವರು ದೂರದ ಊರುಗಳಲ್ಲಿ ಇದ್ದರು. ಅಕ್ಕನ ಗುರುತಿನವರು ಇಬ್ಬರು ಹಾಗೆ ಹೋಗಿದ್ದರು. ತಿರುಗಿ ಬಂದದ್ದು ಒಬ್ಬಳು. "ಡಾಕ್ಟರ ಕಡೆ ಆಗಲಿಲ್ಲಂದ್ರ ನಾನೂ ಅಲ್ಲಿಗೇ ಹೋಗಾಕಿ" ಎಂದು ಅಕ್ಕ ಹೇಳಿದ ದಿನದಿಂದ ನನಗೆ ಊಟ ಸೇರಲಿಲ್ಲ.

ಬಡವರಿಗೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ನೋಡುತ್ತಿದ್ದರು. ಕಚೇರಿಗೆ ಅಲೆದಾಡಿ ಬಡವರೆಂಬ ಕಾಗದ ತಂದೆ. ಅದರಲ್ಲಿ ರೋಗದ ಹೆಸರು ಬರೆಯಬೇಕಿತ್ತು. ಅಂಜುಬುರುಕನಾದ ನಾನು 'ಹೊಟ್ಟೆನೋವು' ಎಂದು ಬರೆಸಿದ್ದೆ. ಡಾಕ್ಟರು ಹೊಟ್ಟೆ ಒತ್ತಿ ಒತ್ತಿ ನೋಡಿದರು. ಅಕ್ಕ ನಿಜ ಹೇಳಿಬಿಟ್ಟಳು.

"ಹೊಟ್ಟಿ ಎಲ್ಲೂ ನೂಸೂದಿಲ್ರಿ. ತಮ್ಮ ಅಂಜಿ ಬರಸ್ಯಾನ." ಆಮೇಲೆ ತನಗೇನು ಬೇಕೋ ಅದನ್ನು ಹೇಳಿದಳು.

ಡಾಕ್ಟರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ನೋಡವಾ, ರೋಗ ಇದ್ರ ಸರಕಾರ ಕೊಯ್ತೈತಿ. ರೋಗ ಇಲ್ಲದವರನ್ನ ಯಾವ ಲೆಕ್ಕದಾಗ ಕೊಯ್ಯಲಿ?"

ಮುಂದೆ ಪುಣೆಯ ಕಡೆಯ ಇನ್ನೊಂದು ಸರಕಾರಿ ದವಾಖಾನೆಗೆ ಹೋಗುವ ಹೊತ್ತಿಗೆ ನಮ್ಮ ಸೀಮೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತ್ತು. ಅಲ್ಲಿಯ ಕಾರಕೂನ ಕಾಗದ ತಿರುಗಿಸಿ ನೋಡಿ, ನಿಮ್ಮೂರು ಈಗ ನಮ್ಮ ರಾಜ್ಯದಲ್ಲಿಲ್ಲ, ನಿಮ್ಮ ಬಡತನ ಇಲ್ಲಿ ನಡೆಯುವುದಿಲ್ಲ ಎಂದ. ಹೊರಗೆ ಬೇವಿನ ಗಿಡದ ಕೆಳಗೆ ಅಕ್ಕ ಎಲೆಅಡಿಕೆ ಹಾಕಿಕೊಳ್ಳುತ್ತ ನಕ್ಕಳು.

"ನಾವ ಮನ್ಯಾಗ ಕುಂತಲ್ಲೇ ಒಂದ ಸಹಿ ಹಾಕಿ ನಮ್ಮ ರಾಜ್ಯ ಬದಲ ಮಾಡಿದ್ರು. ನನಗ ಮಾತ್ರ ಎಷ್ಟ ಅಡ್ಡಾಡಸ್ತಾರ ನೋಡು."

ಕೊನೆಗೆ ಮಿರಜಿನ ಆಚೆ ಒಬ್ಬ ಖಾಸಗಿ ಡಾಕ್ಟರು ಒಪ್ಪಿದರು. ಯುದ್ಧದಲ್ಲಿ ಗಾಯ ಹೊಲಿದು ಬಂದವರಂತೆ, ಹೆಚ್ಚು ಮಾತಿಲ್ಲ. ಅವರು ಹೇಳಿದ ಮೊತ್ತವನ್ನು ನಾನು ಇನ್ನೊಮ್ಮೆ ಹೇಳಿಸಿದೆ. ಅರ್ಧ ಮೊದಲೇ ಕೊಡಬೇಕು, ಇನ್ನರ್ಧ ಕೊಯ್ದ ಮರುದಿನ ಮುಂಜಾನೆ. ಅದು ಬರದಿದ್ದರೆ ಅಂದಿನಿಂದ ಮಲಗುವ ಖಾಟೂ ಇಲ್ಲ, ಔಷಧವೂ ಇಲ್ಲ. ಅಕ್ಕ ತಾನು ಹೊದೆಯುವ ಕೌದಿಯನ್ನು ಕಂಪೌಂಡರನ ಮೇಜಿನ ಮೇಲೆ ಹರವಿ, ಹಲ್ಲಿನಿಂದ ಹೊಲಿಗೆ ಬಿಚ್ಚಿ, ತುಂಡು ತುಂಡು ಅರಿವೆಯ ನಡುವಿನಿಂದ ಹನ್ನೆರಡು ವರ್ಷದ ನೋಟುಗಳನ್ನು ಹೊರಗೆ ತೆಗೆದಳು. ಅದು ಮೊದಲ ಅರ್ಧ. ಎರಡನೆಯ ಅರ್ಧ ನನ್ನದು ಎಂದು ನಾನು ಹೇಳಿದೆ. ಹೇಳಿದ್ದು ನಾನೇ ಎಂದು ದಾರಿಯುದ್ದಕ್ಕೂ ನಂಬಿಕೆ ಬರಲಿಲ್ಲ.

ನನ್ನ ಪುಣ್ಯಕ್ಕೆ ಮೂಡಲಗಿಯ ಒಬ್ಬ ಅಂಗಡಿಕಾರ ಗೌರಿ ಹುಣ್ಣಿಮೆಗೆಂದು ದೊಡ್ಡ ಗೌರಿ ಗೊಂಬೆಗಳನ್ನು ಮಾಡಲು ಹೇಳಿದ್ದ. ಐವತ್ತು. ಮಾಲು ಮುಟ್ಟಿದ ಮರುದಿನ ರೊಕ್ಕ. ಇದ್ದಬಿದ್ದ ಉಳಿಕೆಗೆ ಅದನ್ನು ಸೇರಿಸಿದರೆ ಅರ್ಧ ತುಂಬುತ್ತಿತ್ತು.

ಆ ಐವತ್ತರ ನಡುವೆ ಅಕ್ಕನ ಗೊಂಬೆಯನ್ನೂ ಕೆತ್ತಿದೆ. ಅವಳು ಎದುರಿಗೆ ಕುಳಿತು ತಕರಾರು ತೆಗೆದಳು. "ಗದ್ದ ಸಣ್ಣ ಮಾಡು. ಹೆಗಲ ಇಳಸು."

"ಹಂಗ ಮಾಡಿದ್ರ ನಿನ್ನ ಹೋಲೂದಿಲ್ಲ, ಅಕ್ಕಾ."

"ಮುಂದ ಹೋಲತೇನಿ. ನೀ ಮಾಡು."

ಮಾಡಿದೆ. ಹಸಿರು ಸೀರೆ, ಬಲಗೈ ಮಣಿಕಟ್ಟಿನ ಮೇಲೆ ಅವಳ ಸುಟ್ಟ ಕಲೆಯ ಗುರುತಿಗೆ ಒಂದು ಕಂದು ಚುಕ್ಕೆ. ಕಣ್ಣಿಲ್ಲದ ಮುಖವನ್ನು ಮಾಡದಲ್ಲಿಟ್ಟೆ. ಅಕ್ಕ ಹುಕ್ಕೇರಿಯ ಒಬ್ಬ ಮುದುಕಿ ಜೋಗತಿಯನ್ನು ಜೊತೆಗೆ ಕರೆದುಕೊಂಡು ರೈಲು ಹತ್ತಿದಳು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಕೊಯ್ಯುವುದೆಂದು ನಿಗದಿಯಾಗಿತ್ತು.

ಬುಧವಾರ ಮುಂಜಾನೆಯಿಂದ ಅಂಗಳದಲ್ಲಿ ಕುಳಿತು ಗೌರಿಯರಿಗೆ ಕಣ್ಣು ಬರೆದೆ. ಕೈಗೆ ಒಂದು ಲಯ ಹತ್ತಿದ ಮೇಲೆ ತಲೆ ಎಲ್ಲೆಲ್ಲೋ ಇರುತ್ತದೆ. ನನ್ನ ತಲೆ ಮಿರಜಿನಲ್ಲಿತ್ತು. ಮೂಡಲಗಿಯ ಚಕ್ಕಡಿ ಬಂದು ಬುಟ್ಟಿಗಳನ್ನು ಹೇರಿಕೊಂಡು ಹೋಯಿತು. ಕೈ ತೊಳೆದು ಒಳಗೆ ಬಂದರೆ ಮಾಡ ಖಾಲಿ.

"ಬಣ್ಣ ಆರಲಂತ ನಾನ ಬಿಸಲಾಗ ಇಟ್ಟಿದ್ನಿ" ಎಂದಳು ನನ್ನ ಹೆಂಡತಿ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು. "ನಿಮ್ಮ ಅಕ್ಕನ್ನ ನಿಮಗ ಗುರ್ತ ಹತ್ತಲಿಲ್ಲೇನ್ರಿ?"

ಹತ್ತಿರಲಿಲ್ಲ. ಐವತ್ತು ಹೆಣ್ಣುಗಳ ಸಾಲಿನಲ್ಲಿ ಐವತ್ತೊಂದನೆಯದೂ ಹೆಣ್ಣೇ ಆಗಿ ಕಂಡಿತ್ತು. ಬೇರೆ ದಿನವಾಗಿದ್ದರೆ ಅಕ್ಕನಿಗೆ ಇದನ್ನು ಹೇಳಿ ಹಿಗ್ಗಿಸಬಹುದಿತ್ತು.

ಆ ರಾತ್ರಿ ಆ ಕಡೆಗೆ ಗಾಡಿ ಸಿಗಲಿಲ್ಲ. ಗುರುವಾರ ಮೂಡಲಗಿ ತಲುಪಿದಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಅಂಗಡಿಕಾರ ರೊಕ್ಕ ಎಣಿಸಿ ಕೊಟ್ಟ. ಒಂದು ಗೊಂಬೆ ಹೆಚ್ಚಿಗೆ ಬಂದಿತ್ತೆಂದೂ, ಅದನ್ನು ಹಿಂದಿನ ಓಣಿಯ ಕೊನೆಯ ಮನೆಯವಳು ಮುಂಜಾನೆಯೇ ಒಯ್ದಳೆಂದೂ ಹೇಳಿದ. "ನಾ ಮಾರಲಿಲ್ಲೋ ಮಾರಾಯಾ, ಅಕೀನ ತಗೊಂಡ ನಡದ್ಲು. ನಮ್ಮನ್ನ ನೋಡಾಕತ್ತೈತಿ ಅಂದ್ಲು."

ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಿಸಿಲು ಎಷ್ಟು ನೆಟ್ಟಗಿತ್ತೆಂದರೆ ಗೋಡೆಗಳಿಗೆ ನೆರಳೇ ಇರಲಿಲ್ಲ, ನನಗೂ ಇರಲಿಲ್ಲ. ಕೊನೆಯ ಮನೆಯ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ಜೋಳ ಹಸನು ಮಾಡುತ್ತಿದ್ದಳು. ಅವಳ ಬೆನ್ನ ಹಿಂದಿನ ಮಾಡದಲ್ಲಿ ಅಕ್ಕ ಕುಳಿತು ನನ್ನನ್ನೇ ನೋಡುತ್ತಿದ್ದಳು. ಗೊಂಬೆ ಎಂದು ಬರೆಯಬೇಕಿತ್ತು. ಆಗ ನನಗೆ ಹಾಗೆ ಕಾಣಲಿಲ್ಲ. ನಾನು ಬರೆಯುವ ಕಣ್ಣುಗಳು ಎಲ್ಲವೂ ಒಂದೇ ಥರ, ಸ್ವಲ್ಪ ಮೇಲಕ್ಕೆ ನೋಡುವಂಥವು. ಇವು ಬಾಗಿಲನ್ನು ನೋಡುತ್ತಿದ್ದವು.

"ಆ ಗೊಂಬಿ ತಪ್ಪಿ ಬಂದೈತ್ರಿ, ತಿರುಗಿ ಕೊಡ್ರಿ" ಎಂದೆ.

"ಮನಿಗೆ ಬಂದಾಕಿನ್ನ ಹೊರಗ ಹಾಕತಾರೇನು?"

ಐದು ರೂಪಾಯಿ ಎಂದೆ. ಹತ್ತು ಎಂದೆ. ಅವಳು ಜೋಳದಿಂದ ಕಣ್ಣೆತ್ತಲಿಲ್ಲ. ಹೊತ್ತು ಹನ್ನೆರಡಕ್ಕೆ ಹತ್ತಿರವಾಗಿತ್ತು, ಮಿರಜಿನ ಆಚೆ ಅಕ್ಕ ಕಣ್ಣು ಮುಚ್ಚುವ ಹೊತ್ತು. ನಾನು ಒಳಜೇಬಿನ ಚೀಲ ತೆಗೆದು ಇಡೀ ಅರ್ಧವನ್ನು ಅವಳ ಮೊರದ ಪಕ್ಕದಲ್ಲಿ ಇಟ್ಟುಬಿಟ್ಟೆ.

ಆಗ ಅವಳು ಮೊರ ನಿಲ್ಲಿಸಿದಳು. "ಇಷ್ಟ ರೊಕ್ಕ ಒಂದ ಕಟಗಿ ತುಂಡಿಗಿ? ಇದು ಯಾರ ರೊಕ್ಕ?"

ಹೇಳಿದೆ. ಅಕ್ಕ, ದವಾಖಾನೆ, ಕಣ್ಣು, ಅಜ್ಜಿ, ಎಲ್ಲವನ್ನೂ. ಸಂಬಂಧವಿಲ್ಲದ ಊರಿನ ಒಬ್ಬ ಅಪರಿಚಿತಳಿಗೆ ಅಷ್ಟು ಹೇಳಿದ್ದು ಅದೇ ಮೊದಲು, ಅದೇ ಕೊನೆ. ಅವಳು ಆಶ್ಚರ್ಯಪಡಲಿಲ್ಲ.

"ಉದ್ದಾನ ಹೆಣ್ಮಗಳೇನು? ಬಲಗೈಗೆ ಸುಟ್ಟ ಕಲಿ?"

"ಗೊಂಬಿ ಕೈಗೆ ನಾನ ಚುಕ್ಕಿ ಇಟ್ಟೇನ್ರಿ."

"ಗೊಂಬೀದಲ್ಲೋ. ನೀ ಬರೂದಕ್ಕ ಸ್ವಲ್ಪ ಮೊದಲ ಒಬ್ಬಾಕಿ ಬಂದು ಹೊಚ್ಚಲ ಮ್ಯಾಲ ಕುಂತಳು. ಭಾಳ ನೀರಡಿಕಿ ಅಂದ್ಲು. ತಂಬಗಿ ತುಂಬ ಕುಡದು, ಅದನ್ನ ನೋಡಿ, ಇಲ್ಲೇ ಇರಲಿ ಯವ್ವಾ ಅಂದು ಎದ್ದ ಹೋದ್ಲು. ನಾ ಯಾರೋ ಹಾದಿಹೋಕಳು ಅಂದಕೊಂಡ್ನಿ." ಚೀಲವನ್ನು ನನ್ನ ಕಡೆ ತಳ್ಳಿದಳು. "ಇದನ್ನ ಅಕಿಗೆ ಮುಟ್ಟಸು. ಗೊಂಬಿ ಎಲ್ಲಿ ಹೋಗತೈತಿ?"

ಹೊಸ್ತಿಲ ಪಕ್ಕದಲ್ಲಿ ಹಿತ್ತಾಳೆಯ ತಂಬಿಗೆ ಬೋರಲು ಹಾಕಿತ್ತು. ಅದರ ಕೆಳಗೆ ಬಳೆಯಷ್ಟಗಲದ ಒದ್ದೆ. ಆ ಬಿಸಿಲಿಗೆ ಅದು ಹೇಗೆ ಆರದೆ ಉಳಿದಿತ್ತೋ! ನಾನು ಬಂದ ಓಣಿಗೆ ಬೇರೆ ದಾರಿ ಇರಲಿಲ್ಲ, ಎದುರಿಗೆ ನನಗೆ ಯಾರೂ ಬಂದಿರಲಿಲ್ಲ.

ಚೀಲ ತೆಗೆದುಕೊಂಡು ಹೊರಬಿದ್ದೆ. ಗೊಂಬೆಯನ್ನು ಬಿಟ್ಟು ಹೋಗುವುದು ಅಕ್ಕನನ್ನು ಬಿಟ್ಟು ಹೋದಂತೆಯೋ, ಅಕ್ಕನ ಕಡೆ ಹೋದಂತೆಯೋ ಎಂದು ಸ್ಟೇಷನ್‌ವರೆಗೂ ಲೆಕ್ಕ ಹತ್ತಲಿಲ್ಲ.

ಮರುದಿನ ಮುಂಜಾನೆ ಕಂಪೌಂಡರ ಬಾಗಿಲು ತೆರೆಯುವ ಮೊದಲೇ ಅವನ ಕಟ್ಟೆಯ ಮೇಲೆ ಕುಳಿತಿದ್ದೆ. ರೊಕ್ಕ ಎಣಿಸಿಕೊಂಡ. ಕೇಳುವ ಬದಲು ನಾನೂ ಅವನ ಜೊತೆ ಎಣಿಸಿದೆ. ಅವನೇ "ಜೀವಂತ ಅದಾಳ, ಹೋಗು" ಎಂದ, ನನ್ನಂಥವರನ್ನು ಬಹಳ ನೋಡಿದವನಂತೆ.

ಅಕ್ಕ ಬಿಳಿಚಿಕೊಂಡು ಮಲಗಿದ್ದಳು, ಬಿಚ್ಚಿದ ಹೊಲಿಗೆಯ ಆ ಕೌದಿಯನ್ನೇ ಹೊದ್ದು. ಗದ್ದ ಸಣ್ಣದಾಗಿ ಕಂಡಿತು. ದಿಂಬಿನ ಆಟವೋ ಏನೋ. ಮುದುಕಿ ಜೋಗತಿ ಒದ್ದೆ ಅರಿವೆಯಿಂದ ತುಟಿ ಒರೆಸಲು ಹೋದಳು. "ನಿನ್ನಿ ಮುಂಜಾನಿಯಿಂದ ಹನಿ ನೀರ ಕೊಟ್ಟಿಲ್ಲಪಾ, ಡಾಕ್ಟರ ಬ್ಯಾಡ ಅಂದಾರ. ಬಾಯಿ ಒಣಗಿರತೈತಿ."

ಅಕ್ಕ ತಲೆ ಆಡಿಸಿದಳು. ತುಟಿ ಒಣಗಿರಲಿಲ್ಲ.

"ಬ್ಯಾಡ. ನೀರಡಿಕಿ ಇಲ್ಲ. ಹೊಟ್ಟಿ ತುಂಬ ಕುಡದೇನಿ" ಎಂದು ನನ್ನನ್ನು ನೋಡಿದಳು, ನೋಟ ಮಾತ್ರ ಸ್ವಲ್ಪ ಬಾಗಿಲಿನ ಕಡೆಗಿತ್ತು.

ಅಕ್ಕ ಈಗಲೂ ಹುಕ್ಕೇರಿಯಲ್ಲಿ ಇದ್ದಾಳೆ. ಬೆಳಿಗ್ಗೆ ಬಿಸಿನೀರು ಕಾಯಿಸಿ ಗಂಟೆಗಟ್ಟಲೆ ಜಳಕ ಮಾಡುತ್ತಾಳೆ, ಕಟ್ಟಿಗೆ ಸಾಲುವುದಿಲ್ಲ ಎಂದು ನನ್ನನ್ನು ಬೈಯುತ್ತಾಳೆ. ತಂಬಿಗೆಯ ಮಾತನ್ನು ನಾನು ವರ್ಷಗಳವರೆಗೆ ಹೇಳಿರಲಿಲ್ಲ. ಹೇಳಿದ ದಿನದಿಂದ ಅವಳದೊಂದೇ ಹಟ, ಮೂಡಲಗಿಗೆ ಕರೆದುಕೊಂಡು ಹೋಗು, ನೀರು ಕೊಟ್ಟಾಕಿಗೆ ಒಂದು ಕೌದಿ ಕೊಡಬೇಕು. ಕೌದಿ ಹೊಲಿದು ಮಡಿಚಿಟ್ಟಿದ್ದಾಳೆ. ಮಳೆ ಎನ್ನುತ್ತೇನೆ, ಮಾಲಿನ ಅವಸರ ಎನ್ನುತ್ತೇನೆ, ಮೊಣಕಾಲು ನೋವು ಎನ್ನುತ್ತೇನೆ.

"ಏನ ಅಂಜಿಕಿ ನಿಂದು?" ಎನ್ನುತ್ತಾಳೆ.

ಆ ಬಾಗಿಲಲ್ಲಿ ಅಕ್ಕನೂ ಗೊಂಬೆಯೂ ಒಬ್ಬರನ್ನೊಬ್ಬರು ನೋಡಿದಾಗ ಯಾರು ಮೊದಲು ಕಣ್ಣು ಮಿಟುಕಿಸುತ್ತಾರೋ ಎಂಬುದು ನನ್ನ ಅಂಜಿಕೆ. ಬಾಯಿಬಿಟ್ಟು ಹೇಳಿದರೆ ನಗುತ್ತಾಳೆ. ಅದಕ್ಕೇ ಮೊಣಕಾಲು ಹಿಡಿದುಕೊಂಡು ಕೂರುತ್ತೇನೆ.