ವೆಬ್‌ಸೈಟಿಗೆ ಕಣ್ಣು ಪರೀಕ್ಷೆ

ನಮ್ಮ ಬೀದಿಯ ಕನ್ನಡಕದ ಅಂಗಡಿಯವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ. ಅದು ಅಂಗಡಿಯ ಲೈಸೆನ್ಸಿನ ಮೇಲೆ, ಗಾಜಿನ ಚೌಕಟ್ಟಿನೊಳಗೆ ಸುಖವಾಗಿದೆ. ಬೀದಿಯ ಬಾಯಲ್ಲಿ ಮಾತ್ರ ಅವರು ‘ಇದಾ-ಅದಾ’. ಇಪ್ಪತ್ತೇಳು ವರ್ಷದಿಂದ ಜನರ ಮೂಗಿನ ಮೇಲೆ ಭಾರದ ಪರೀಕ್ಷೆ ಚೌಕಟ್ಟು ಕೂರಿಸಿ, ಅದರೊಳಗೆ ಒಂದು ಗಾಜು ಇಳಿಬಿಟ್ಟು, ತೆಗೆದು, ಇನ್ನೊಂದು ಇಳಿಬಿಟ್ಟು ಅವರು ಕೇಳುತ್ತ ಬಂದಿರುವುದು ಒಂದೇ ಪ್ರಶ್ನೆ. “ಇದಾ? ಅದಾ?”

ಅಂಗಡಿಯ ಹಿಂದಿನ ಪರೀಕ್ಷೆ ಕೋಣೆ ಹತ್ತಡಿ ಉದ್ದ. ಕಣ್ಣು ಪರೀಕ್ಷೆಗೆ ಬೇಕಾದ ದೂರ ಇಪ್ಪತ್ತಡಿ. ಪಕ್ಕದ ದರ್ಜಿ ತನ್ನ ಅಂಗಡಿಯಿಂದ ಹತ್ತಡಿ ಬಿಟ್ಟುಕೊಡುವ ಪೈಕಿಯವನಲ್ಲ. ಆದ್ದರಿಂದ ಅಕ್ಷರದ ಫಲಕ ಕುರ್ಚಿಯ ಹಿಂದೆ ತಿರುಗುಮುರುಗಾಗಿ ತೂಗುತ್ತದೆ, ಎದುರು ಗೋಡೆಯಲ್ಲಿ ಕನ್ನಡಿ. ಕೂತವರು ತಮ್ಮ ಬೆನ್ನ ಹಿಂದಿರುವುದನ್ನು ಕಣ್ಣೆದುರು ಕಂಡು ಓದುತ್ತಾರೆ. ಕನ್ನಡಿ ಇಲ್ಲದೆ ಇಲ್ಲಿ ಕನ್ನಡಕ ಹುಟ್ಟುವುದಿಲ್ಲ.

ಇದಾ-ಅದಾ ಅವರು ಸಹಿಸದ ಉತ್ತರ ಒಂದಿದೆ: “ಎರಡೂ ಚೆನ್ನಾಗಿದೆ.” ಯಾರಾದರೂ ಹಾಗೆ ಅಂದರೆ ಹಾಕಿದ ಗಾಜನ್ನೆಲ್ಲ ತೆಗೆದು ಮೊದಲಿನಿಂದ ಶುರುಮಾಡುತ್ತಾರೆ. “ಎರಡೂ ಚೆನ್ನಾಗಿರೋಕೆ ಸಾಧ್ಯ ಇಲ್ಲ ಸ್ವಾಮಿ. ಒಂದು ಚೂರಾದ್ರೂ ಕಮ್ಮಿ ಇರ್ಲೇಬೇಕು. ನಿಧಾನಕ್ಕೆ ನೋಡಿ.”

ಮನೆಗೆ ಹೋದರೆ ಇದೇ ಮನುಷ್ಯ ಬೇರೆ. ಹೆಂಡತಿ ಎರಡು ಬಗೆಯ ಕಿಟಕಿ ಪರದೆ ಹಿಡಿದು ನಿಂತರೆ “ಎರಡೂ ಚೆನ್ನಾಗಿದೆ.” ಗೋಡೆಗೆ ಎರಡು ಬಣ್ಣ ತೋರಿಸಿದರೆ “ಎರಡೂ ಚೆನ್ನಾಗಿದೆ.” ಮದುವೆಯಾದ ಹೊಸತರಲ್ಲಿ ಒಮ್ಮೆ ಧೈರ್ಯಮಾಡಿ ‘ಅದು’ ಎಂದು ಹೇಳಿ, ‘ಹಾಗಾದ್ರೆ ಇದಕ್ಕೇನಾಗಿದೆ’ ಎಂಬ ಪ್ರಶ್ನೆಗೆ ಮೂರು ದಿನ ಉತ್ತರ ಕೊಟ್ಟ ಮೇಲೆ ಕಲಿತ ವಿದ್ಯೆ ಇದು. ಆಮೇಲೆ ಮರೆತದ್ದಿಲ್ಲ.

ಹೆಂಡತಿ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಪುಸ್ತಕಗಳಿಗೆ ಮುದ್ರೆ ಒತ್ತಿದವರು. ಹೋದ ವರ್ಷ ಆ ಶಾಖೆಯನ್ನೇ ಮುಚ್ಚಿಬಿಟ್ಟರು. ಒಂದು ತಿಂಗಳು ಮನೆಯ ಡಬ್ಬಗಳನ್ನೆಲ್ಲ ಅಕಾರಾದಿಯಲ್ಲಿ ಜೋಡಿಸಿಟ್ಟರು. ಇನ್ನು ಜೋಡಿಸಲು ಉಳಿದಿರುವುದು ಗಂಡನೊಬ್ಬನೇ ಎಂದಾದಾಗ ಆರು ತಿಂಗಳ ವೆಬ್ ವಿನ್ಯಾಸದ ಕೋರ್ಸಿಗೆ ಸೇರಿದರು. ಮೊದಲ ಕೆಲಸವಾಗಿ ಸ್ವಂತ ಅಂಗಡಿಯ ವೆಬ್‌ಸೈಟನ್ನು ಕೈಗೆತ್ತಿಕೊಂಡರು.

ಹಳೆಯ ವೆಬ್‌ಸೈಟಿನ ಬಗ್ಗೆ ಹೆಚ್ಚು ಹೇಳದಿರುವುದೇ ಮರ್ಯಾದೆ. ಹಳದಿ ಹಿನ್ನೆಲೆಯ ಮೇಲೆ ಒಂದು ಕನ್ನಡಕ ಗಿರಗಿರ ತಿರುಗುತ್ತಿತ್ತು. ‘ಹೊಸದು’ ಎಂಬ ಕೆಂಪು ಪದ ಎಂಟು ವರ್ಷದಿಂದ ಮಿಣಮಿಣ ಎನ್ನುತ್ತಿತ್ತು. ಆದರೆ ಫೋನ್ ನಂಬರು ಮಾತ್ರ ಕುಂಬಳಕಾಯಿ ಗಾತ್ರದಲ್ಲಿತ್ತು. ದಿನಕ್ಕೆ ನಾಲ್ಕೈದು ಜನ ಅದನ್ನು ನೋಡಿ ಫೋನು ಮಾಡಿ ಸಮಯ ಗೊತ್ತುಮಾಡಿಕೊಳ್ಳುತ್ತಿದ್ದರು.

ಹೊಸದು ಒಂದನೇ ತಾರೀಕು ಬಂತು. ಪುಟದ ತುಂಬ ಹಾಲಿನಂಥ ಬಿಳುಪು. ಅದರ ಮೇಲೆ ಇಬ್ಬನಿಯಂಥ ಬೂದು ಅಕ್ಷರ. ಒಬ್ಬಳು ಹುಡುಗಿ ಕನ್ನಡಕ ಹಾಕಿಕೊಂಡು ದೂರದಲ್ಲೆಲ್ಲೋ ನೋಡುತ್ತಿದ್ದಾಳೆ. ‘ನೋಟಕ್ಕೊಂದು ನೆಲೆ’ ಎಂಬ ಸಾಲು. ಫೋನ್ ನಂಬರು ಪುಟದ ಕಟ್ಟಕಡೆಗೆ, ಬಂದ ನೆಂಟರ ಹಿಂದೆ ನಿಂತ ನಾಚಿಕೆಯ ಮಗುವಿನ ಹಾಗೆ.

“ಹೇಗಿದೆ? ಕಡ್ಡಿ ಮುರಿದ ಹಾಗೆ ಹೇಳ್ಬೇಕು,” ಎಂದರು ಹೆಂಡತಿ.

“ಚೆನ್ನಾಗಿದೆ,” ಎಂದರು ಇದಾ-ಅದಾ. ಹೋಲಿಸಲು ಎರಡನೆಯದು ಇರಲಿಲ್ಲವಾದ್ದರಿಂದ ‘ಎರಡೂ’ ಎಂಬುದನ್ನು ಬಿಟ್ಟರು.

ಹೆಂಡತಿಗೆ ಅಷ್ಟು ಸಾಲದು. ಕೋರ್ಸಿನಲ್ಲಿ ‘ಬಳಕೆದಾರರ ಅಭಿಪ್ರಾಯ ಪಡೆಯಿರಿ’ ಎಂದು ಎರಡು ಸಲ ಹೇಳಿದ್ದರು. ಅದರಂತೆ ನೆಂಟರ ವಾಟ್ಸಾಪ್ ಗುಂಪಿಗೆ ಕಳಿಸಿದರು. ಹದಿನೆಂಟು ಹೆಬ್ಬೆರಳು, ಒಂಬತ್ತು ಹೂಗುಚ್ಛ ಬಂದವು. ಒಬ್ಬ ಸೋದರತ್ತೆ, ಯಾರಿಗೋ ಕಣ್ಣಿನ ಆಪರೇಷನ್ ಆಗಿದೆಯೆಂದು ತಿಳಿದು, ಬೇಗ ಗುಣವಾಗಲೆಂದು ಹಾರೈಸಿದರು. ಐದು ನಕ್ಷತ್ರಗಳ ಅಂಕಪಟ್ಟಿ ಕಳಿಸಿದ್ದಕ್ಕೆ ಎಲ್ಲರೂ ಐದಕ್ಕೆ ಐದು ಕೊಟ್ಟರು, ಒಬ್ಬರು ಮಾತ್ರ ನಾಲ್ಕು. ಆ ಒಬ್ಬರು ಯಾರೆಂದು ಹೆಂಡತಿ ಎರಡು ದಿನ ತನಿಖೆ ನಡೆಸಿ ನಾದಿನಿಯ ಮೇಲೆ ಅನುಮಾನಪಟ್ಟರು. ನಿಜಕ್ಕೂ ಅದು ಇದಾ-ಅದಾ ಅವರದೇ ಬೆರಳು, ಜಾರಿದ್ದು. ತಂಗಿಯ ಮೇಲೆ ಬಂದ ಅಪವಾದವನ್ನು ಅವರು ಅಣ್ಣನಾಗಿ ಕಣ್ಣುಮುಚ್ಚಿ ಸಹಿಸಿಕೊಂಡರು.

ಇತ್ತ ಅಂಗಡಿಯ ಫೋನು ಮೌನವ್ರತ ಹಿಡಿಯಿತು. ಹದಿನೈದು ದಿನದಲ್ಲಿ ವೆಬ್‌ಸೈಟು ನೋಡಿ ಬಂದ ಕರೆ ಒಂದೇ. ಆತ ಕೇಳಿದ್ದು, “ಅಂಗಡಿ ಮುಚ್ಚಿಬಿಟ್ರಾ ಸಾರ್?”

ಇಷ್ಟೇ ಆಗಿದ್ದರೆ ಇದಾ-ಅದಾ ಸುಮ್ಮನಿದ್ದುಬಿಡುತ್ತಿದ್ದರೇನೋ. ಆದರೆ ಬರುವ ಭಾನುವಾರ ಬೀದಿಯ ಅಂಗಡಿಗಳ ಸಂಘದ ಸಭೆಯಿತ್ತು. ಉಳಿದ ಹತ್ತು ಅಂಗಡಿಗಳಿಗೂ ಹೊಸ ವೆಬ್‌ಸೈಟು ಮಾಡುವ ಕೆಲಸವನ್ನು ಇವರ ಹೆಂಡತಿಗೇ ಕೊಡುವ ಯೋಚನೆ ಸಂಘದವರದು. ಮಾದರಿಯಾಗಿ ಕನ್ನಡಕದ ಅಂಗಡಿಯದನ್ನೇ ಅವರು ಅಲ್ಲಿ ತೋರಿಸಬೇಕು. ಗ್ರಂಥಾಲಯ ಮುಚ್ಚಿದ ಮೇಲೆ ಆಕೆ ಮೊದಲ ಸಲ ಸಭೆಗೆಂದು ಚಪ್ಪಲಿ ಕೊಂಡಿದ್ದರು. ಅದನ್ನು ಮನೆಯೊಳಗೇ ಹಾಕಿಕೊಂಡು ಅಭ್ಯಾಸಮಾಡುತ್ತಿದ್ದರು. ಟಕಟಕ ಸದ್ದು ಕೇಳಿದಾಗಲೆಲ್ಲ ಇದಾ-ಅದಾ ಅವರ ಎದೆ ಅದೇ ತಾಳಕ್ಕೆ ಬಡಿದುಕೊಳ್ಳುತ್ತಿತ್ತು. ಹೇಳಿದರೆ ಮನೆಯಲ್ಲಿ ಕಷ್ಟ. ಹೇಳದಿದ್ದರೆ ಹತ್ತು ಜನರ ಮುಂದೆ ಆಕೆಗೆ ಅವಮಾನ.

ಬೇರೆಯವರ ಬಾಯಲ್ಲಿ ಹೇಳಿಸೋಣವೆಂದು ದರ್ಜಿಯ ಬಳಿ ಹೋದರು.

“ಅಣ್ಣಾ, ಅತ್ತಿಗೆ ಮಾಡಿದ್ದನ್ನ ಚೆನ್ನಾಗಿಲ್ಲ ಅನ್ನೋಕೆ ನಾನ್ಯಾರು?” ಎಂದ ದರ್ಜಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು. “ನೀವೇ ಹೇಳಿ.”

“ನನಗೆ ಮನೆಗೆ ಹೋಗ್ಬೇಕಲ್ಲಪ್ಪ.”

“ನನಗೂ ಇಲ್ಲೇ ಇರ್ಬೇಕಲ್ಲಣ್ಣ. ಅರ್ಧ ಗೋಡೆ ಆಚೆ.” ಸ್ವಲ್ಪ ಯೋಚಿಸಿ ಸೇರಿಸಿದ, “ನಾನಾದ್ರೆ ಏನ್ಮಾಡ್ತೀನಿ ಅಂದ್ರೆ, ಪ್ಯಾಂಟು ಬಿಗಿಯಾಗಿದ್ರೆ, ನಿಮ್ಮ ಆರೋಗ್ಯ ಸುಧಾರಿಸಿದೆ ಸಾರ್ ಅಂತೀನಿ.”

ಆದರೂ ಕೊನೆಗೆ ಒಪ್ಪಿದ. ಅತ್ತಿಗೆ ಬಂದಾಗ ಅವನು ಗಂಟಲು ಸರಿಮಾಡಿಕೊಂಡು, ಇದಾ-ಅದಾ ಅವರ ಮುಖ ನೋಡಿ, ಅತ್ತಿಗೆಯ ಮುಖ ನೋಡಿ, “ಭಾಳ ನೀಟಾಗಿದೆ ಅತ್ತಿಗೆ. ಹೊಲಿಗೇನೇ ಕಾಣ್ಸಲ್ಲ,” ಎಂದುಬಿಟ್ಟ. ಅತ್ತಿಗೆಗೆ ಸಂತೋಷವಾಯಿತು. ಕಾಣದಿದ್ದದ್ದು ಹೊಲಿಗೆಯೊಂದೇ ಅಲ್ಲ ಎಂದು ಇದಾ-ಅದಾ ಮನಸ್ಸಿನಲ್ಲೇ ಅಂದುಕೊಂಡರು.

ಗುರುವಾರ ಬೆಳಿಗ್ಗೆ ಹೆಡ್‌ಮಿಸ್ ಬಂದರು. ಬೀದಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದವರು. ಎಂಬತ್ತರ ಹತ್ತಿರವಿದ್ದರೂ ನಡೆದೇ ಬರುತ್ತಾರೆ. ಇದಾ-ಅದಾ ಅವರೂ ಅವರ ಮುಂದೆ ಬೆಂಚಿನ ಮೇಲೆ ನಿಂತವರೇ.

“ಫೋನು ಮಾಡಿ ಬರೋಣ ಅಂತಿದ್ದೆ ಕಣೋ. ಆಮೇಲೆ ಹೀಗೇ ಬಂದೆ.”

“ವೆಬ್‌ಸೈಟು ನೋಡಿದ್ರಾ ಮಿಸ್? ಹೇಗಿದೆ?”

“ಚೆನ್ನಾಗಿದೆಯಪ್ಪ.”

“ಕಣ್ಣು ಹೇಗಿದೆ?”

“ಅದೂ ಚೆನ್ನಾಗಿದೆ. ಸುಮ್ನೆ ಒಂದ್ಸಲ ನೋಡ್ಬಿಡು ಅಂತ ಬಂದೆ.”

ಕೂರಿಸಿ ಓದಿಸಿದರು. ಮೇಲಿನ ಮೂರು ಸಾಲು ತರಗತಿಯಲ್ಲಿ ಹಾಜರಿ ಕರೆದ ಹಾಗೆ ಗಂಭೀರವಾಗಿ ಬಂದವು. ನಾಲ್ಕನೆಯದರಲ್ಲಿ ಮಿಸ್ ತಡವರಿಸಿದರು. ಐದನೆಯ ಸಾಲು ಇದೆಯೆಂಬುದನ್ನೇ ಒಪ್ಪಲಿಲ್ಲ.

ಗಾಜು ಹಿಡಿದ ಕೈ ಅಲ್ಲೇ ನಿಂತಿತು. ಇಪ್ಪತ್ತೇಳು ವರ್ಷದಲ್ಲಿ ಈ ಕುರ್ಚಿಯಲ್ಲಿ ಕೂತು ‘ಕಣ್ಣು ಚೆನ್ನಾಗಿದೆ’ ಎಂದ ಒಬ್ಬರನ್ನೂ ಇದಾ-ಅದಾ ನಂಬಿದವರಲ್ಲ. ಹೇಗಿದೆ ಎಂದು ಕೇಳುವುದು ಬರೀ ಉಪಚಾರಕ್ಕೆ, ನಿಜ ತಿಳಿಯಬೇಕಾದರೆ ಓದಿಸಬೇಕು. ಇಂಥವರು, ಹೆಂಡತಿಯ ಜೊತೆ ಸೇರಿ, ವೆಬ್‌ಸೈಟಿನ ವಿಷಯದಲ್ಲಿ ಮಾತ್ರ ಹದಿನೈದು ದಿನದಿಂದ ಊರವರನ್ನೆಲ್ಲ ‘ಹೇಗಿದೆ’ ಎಂದು ಕೇಳುತ್ತ ಕೂತಿದ್ದರು.

“ಮಿಸ್, ಒಂದು ಕೆಲಸ ಮಾಡಿ. ಚೆನ್ನಾಗಿದೆ ಅನ್ಬೇಡಿ. ನಿಮ್ಮ ಫೋನಲ್ಲಿ ನಮ್ಮ ವೆಬ್‌ಸೈಟು ತೆಗೆದು ಅಂಗಡಿ ನಂಬರು ಹುಡುಕಿ. ನಿಮ್ಮ ಕನ್ನಡಕ ಹಾಕ್ಕೊಂಡೇ ಹುಡುಕಿ.”

ಮಿಸ್ ಫೋನನ್ನು ಮಾರುದ್ದ ಹಿಡಿದರು. ಮೂಗಿನ ಹತ್ತಿರ ತಂದರು. ಎದ್ದು ಬಾಗಿಲ ಬೆಳಕಿಗೆ ಹೋದರು. “ಈ ಹುಡುಗಿ ಯಾರೋ? ನಿನ್ನ ಮಗಳಾ?”

“ಅಲ್ಲ ಮಿಸ್.”

“ಮತ್ತೆ ಇಷ್ಟು ದೊಡ್ಡದಾಗಿ ಯಾಕೆ ನಿಂತಿದ್ದಾಳೆ ದಾರಿಗಡ್ಡ?” ಹುಡುಗಿಯನ್ನು ಬೆರಳಿಂದ ಮೇಲಕ್ಕೆ ತಳ್ಳಿದರು. “ಆಮೇಲೆ ಬರೀ ಬಿಳೀ ಹಾಳೆ. ಏನೋ ಬರೆದು ರಬ್ಬರಲ್ಲಿ ಉಜ್ಜಿದ ಹಾಗಿದೆ. ಹಾಂ, ಸಿಕ್ತು.” ಹತ್ತೂ ಅಂಕಿಗಳನ್ನು ಗಡಗಡ ಹೇಳಿದರು. ಅವರು ನೋಡುತ್ತಿದ್ದದ್ದು ಗೋಡೆಯಲ್ಲಿ ತೂಗುತ್ತಿದ್ದ, ಅಂಗಡಿಯ ನಂಬರು ದಪ್ಪಗೆ ಅಚ್ಚಾದ ಕ್ಯಾಲೆಂಡರನ್ನು.

ಬಾಗಿಲಲ್ಲಿ ಟಕ್ ಎಂಬ ಸದ್ದಾಯಿತು. ಹೊಸ ಚಪ್ಪಲಿ. ಹೆಂಡತಿ ಊಟದ ಡಬ್ಬಿ, ಲ್ಯಾಪ್‌ಟಾಪ್ ಎರಡನ್ನೂ ಹಿಡಿದು ಯಾವಾಗ ಬಂದು ನಿಂತಿದ್ದರೋ.

“ಮಿಸ್, ನಿಮ್ಮ ಫೋನಲ್ಲೇ ಏನೋ ತೊಂದ್ರೆ ಇರ್ಬೇಕು,” ಎಂದು ಅವರು ಕೌಂಟರಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದರು. “ಇಲ್ಲಿ ನೋಡಿ, ಎಷ್ಟು ಸ್ಪಷ್ಟವಾಗಿದೆ.”

ಸ್ಪಷ್ಟವಾಗಿಯೇ ಇತ್ತು. ಒಂದೊಂದು ಅಕ್ಷರವೂ ಅಂಗಡಿಯ ಬೋರ್ಡಿನಷ್ಟು ದಪ್ಪ. ಇದಾ-ಅದಾ ಬಗ್ಗಿ ನೋಡಿದರು. ಪರದೆಯ ಮೂಲೆಯಲ್ಲಿ ‘ಶೇಕಡ 200’ ಎಂದಿತ್ತು.

“ಇದನ್ನ ಇನ್ನೂರಕ್ಕೆ ಇಟ್ಟೋರು ಯಾರು?”

“ನಾನೇ. ಮೊದಲಿಂದ್ಲೂ ಹಾಗೇ ಇಟ್ಟಿರೋದು. ನೂರರಲ್ಲಿ ಇಟ್ರೆ ಯಾರಿಗ್ರೀ ಕಾಣತ್ತೆ?”

ಅಂಗಡಿಯಲ್ಲಿ ನಾನೂರು ಜೊತೆ ಕನ್ನಡಕಗಳು ಗೋಡೆಯ ಮೇಲಿಂದ ಆಕೆಯನ್ನೇ ನೋಡುತ್ತಿದ್ದವು. ಒಂದೂ ಮಾತಾಡಲಿಲ್ಲ. ಮಾತಾಡಿದವರು ಮಿಸ್. “ಕುರ್ಚಿ ಖಾಲಿಯಿದೆ, ಕೂತ್ಕೋ ಬಾಮ್ಮ.”

“ನನಗೇನೂ ಆಗಿಲ್ಲ ಮಿಸ್. ನನ್ನ ಕಣ್ಣು ಚೆನ್ನಾಗಿದೆ.”

“ನಾನೂ ಹಾಗೇ ಅಂದಿದ್ದೆ. ಕೂತ್ಕೋ.”

ಮಿಸ್ ಎರಡನೇ ಸಲ ಹೇಳಿದ ಮೇಲೂ ನಿಂತೇ ಇದ್ದವರು ಬೀದಿಯಲ್ಲಿ ಯಾರೂ ಇಲ್ಲ. ಕೂತರು. ಓದುವ ಚೀಟಿ ಕೊಟ್ಟರೆ ಹೆಂಡತಿಯ ಕೈ ತಾನಾಗಿ ಮುಂದೆ ಮುಂದೆ ಚಾಚಿಕೊಂಡು, ಕನ್ನಡಿಗೆ ತಗಲಿ ನಿಲ್ಲುತ್ತದೇನೋ ಎನಿಸಿತು. ಪ್ರತಿದಿನ ಊಟದ ಡಬ್ಬಿ ಹಿಡಿದು ಈ ಕುರ್ಚಿಯ ಪಕ್ಕದಲ್ಲೇ ಓಡಾಡಿದವರು. ಆಕೆಯ ಈ ತೊಂದರೆ ಕಣ್ಣಿನ ಅಂಗಡಿಯವರ ಕಣ್ಣಿಗೇ ಬಿದ್ದಿರಲಿಲ್ಲ. ಇದಾ-ಅದಾ ಚೌಕಟ್ಟು ಕೂರಿಸಿ ಮೆಲ್ಲಗೆ ಗಾಜು ಇಳಿಬಿಟ್ಟರು.

“ಇದಾ?” ತೆಗೆದು ಇನ್ನೊಂದು. “ಅದಾ?”

“ಎರಡೂ ಚೆನ್ನಾಗಿದೆ,” ಎಂದರು ಹೆಂಡತಿ.

“ಹಾಗನ್ನಬಾರದು ಕಣೇ. ಒಂದು ಚೂರಾದ್ರೂ ಕಮ್ಮಿ ಇರತ್ತೆ.”

“ಓಹೋ. ಇಷ್ಟು ವರ್ಷ ನೀವು ನನಗೆ ಹೇಳ್ತಿರೋದು ಇನ್ನೇನು?”

ಮಿಸ್ ಕ್ಯಾಲೆಂಡರಿನ ಕಡೆ ತಿರುಗಿ ಬಹಳ ಆಸಕ್ತಿಯಿಂದ ತಾರೀಕು ಓದತೊಡಗಿದರು.

ನಾಲ್ಕನೇ ಗಾಜಿಗೆ ಹೆಂಡತಿ “ಇದು” ಎಂದರು. ಅದೇ ಚೌಕಟ್ಟಿನಲ್ಲಿ ಎದ್ದು ಬಂದು, ಲ್ಯಾಪ್‌ಟಾಪನ್ನು ನೂರಕ್ಕೆ ಇಳಿಸಿ, ತಾವು ಮಾಡಿದ ಪುಟವನ್ನು ಎಲ್ಲರೂ ನೋಡುವ ಗಾತ್ರದಲ್ಲಿ ಮೊದಲ ಸಲ ನೋಡಿದರು. ಕೆಳಗಿನವರೆಗೆ ಹೋಗಿ ಮತ್ತೆ ಮೇಲೆ ಬಂದರು.

“ಕನ್ನಡಕ ಹಾಕಿದ್ರೂ ನಂಬರು ಹುಡುಕ್ಬೇಕಲ್ರೀ.”

“ಹೂಂ.”

“ಹೂಂ ಅಂದ್ರೆ ಆಗಲ್ಲ. ಸಭೆಗೆ ಮೂರು ದಿನ ಇದೆ. ಇವತ್ತು ಎಲ್ಲ ಹೇಳ್ಬಿಡಿ. ಮೂರು ದಿನ ಉತ್ತರ ಕೇಳಲ್ಲ, ಮಾತು ಕೊಡ್ತೀನಿ.”

ಇದಾ-ಅದಾ ನೀರು ಕುಡಿದರು. ಆಮೇಲೆ ಹೇಳಿದರು. ಸಾಲುಗಳ ನಡುವೆ ಬಿಟ್ಟ ಜಾಗ ಚೆನ್ನಾಗಿದೆ, ಕಣ್ಣಿಗೆ ಉಸಿರಾಡೋಕೆ ಆಗತ್ತೆ, ಅದನ್ನು ಮುಟ್ಟಬೇಡ. ಬೂದು ಬಣ್ಣ ಕಪ್ಪಾಗಬೇಕು, ಐವತ್ತು ದಾಟಿದ ಕಣ್ಣಿಗೆ ಬಿಳೀ ಮೇಲೆ ಬೂದು ಅಂದ್ರೆ ಏನೂ ಇಲ್ಲ ಅಂತಲೇ ಅರ್ಥ, ನಮಗೆ ಬರೋದು ಅವರೇ. ನಂಬರು ಮೇಲೆ ಬರಲಿ. ಮುಟ್ಟಿದರೆ ಫೋನು ಹೋಗಲಿ. ತೆರೆಯೋ ಹೊತ್ತು, ರಜೆ ದಿನ ಅದರ ಪಕ್ಕದಲ್ಲೇ.

“ಮತ್ತೆ?”

“ಆ ಹುಡುಗಿ.”

“ಅವಳಿಗೇನಾಗಿದೆ?”

“ಅವಳ ಕನ್ನಡಕಕ್ಕೆ ಗಾಜೇ ಇಲ್ಲ. ಬೆಳಕು ಬಿದ್ದ ಗುರುತಿಲ್ಲ ನೋಡು. ಬರೀ ಫ್ರೇಮು.”

ಹೆಂಡತಿ ಬಗ್ಗಿ ನೋಡಿದರು. “ಇದು ನಿಮಗೆ ಯಾವಾಗ ಕಂಡಿದ್ದು?”

“ಒಂದನೇ ತಾರೀಕು.”

ಮಿಸ್ ಕ್ಯಾಲೆಂಡರಿನಿಂದ ಮುಖ ತಿರುಗಿಸದೆ, “ಬೆಂಚಿನ ಮೇಲೆ ನಿಲ್ಲಿಸು ಅವನನ್ನ,” ಎಂದರು.

ಶುಕ್ರವಾರ, ಶನಿವಾರ ಅಂಗಡಿಗೆ ಬಂದವರಿಗೆಲ್ಲ ಎರಡೆರಡು ಪರೀಕ್ಷೆ. ಒಳಗೆ ಗಂಡನದು, ಹೊರಗೆ ಹೆಂಡತಿಯದು. ಹೆಂಡತಿ ಹೊಸ ಓದುವ ಕನ್ನಡಕ ಹಾಕಿಕೊಂಡು, ನೋಟ್‌ಪುಸ್ತಕ ಹಿಡಿದು, ಅಭಿಪ್ರಾಯ ಕೇಳದೆ ನಂಬರು ಹುಡುಕಿ ಎಂದಷ್ಟೇ ಹೇಳಿ, ಅವರ ಬೆರಳು ಎಲ್ಲಿ ತಡವರಿಸುತ್ತದೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ತಡವರಿಸಿದಲ್ಲೆಲ್ಲ ಸಂಜೆ ಕೂತು ತಿದ್ದಿದರು. ಹುಡುಗಿ ಹೋಗಿ ಆ ಜಾಗಕ್ಕೆ ಮಿಸ್ ಬಂದರು. ಗಾಜಿರುವ ಕನ್ನಡಕದಲ್ಲಿ, ತುಸು ಗದರುವ ನಗುವಿನಲ್ಲಿ.

ಭಾನುವಾರದ ಸಭೆಯಲ್ಲಿ ಸಂಘದ ಅಧ್ಯಕ್ಷರು ಪುಟ ನೋಡುವ ಮೊದಲೇ “ತುಂಬ ಚೆನ್ನಾಗಿದೆ” ಎಂದರು. ದರ್ಜಿ ಹೊಲಿಗೆಯ ಮಾತು ತೆಗೆಯಲಿದ್ದ.

“ಚೆನ್ನಾಗಿದೆ ಅಂತ ಯಾರೂ ಹೇಳ್ಬೇಡಿ,” ಎಂದರು ಹೆಂಡತಿ. “ಎಲ್ಲರೂ ಫೋನು ತೆಗೀರಿ. ನಮ್ಮ ಅಂಗಡಿಗೆ ಫೋನು ಮಾಡಿ.”

ಐದು ಎಣಿಸುವುದರೊಳಗೆ ಕೊನೆಯ ಸಾಲಿನಲ್ಲಿದ್ದ ಇದಾ-ಅದಾ ಅವರ ಜೇಬು ಹೊಡೆದುಕೊಂಡಿತು. ಅವರು ಎದ್ದುನಿಂತು, “ಹಲೋ, ಕನ್ನಡಕದ ಅಂಗಡಿ,” ಎಂದರು. ಅದು ದರ್ಜಿಯದು. ಇಟ್ಟ ಕೂಡಲೇ ಇನ್ನೊಂದು, ಬೇಕರಿಯವರದು. “ಹಲೋ, ಕನ್ನಡಕದ ಅಂಗಡಿ.” ಹದಿನೈದು ದಿನದ ಮೌನವ್ರತ ಮುರಿದು ಒಂಬತ್ತು ಕರೆ ಬಂದವು. ಒಂಬತ್ತಕ್ಕೂ ಅವರು ಹೊಸ ಗಿರಾಕಿಗೆ ಹೇಳುವಷ್ಟೇ ಮರ್ಯಾದೆಯಿಂದ ಉತ್ತರ ಕೊಟ್ಟರು.

ಬರದೆ ಉಳಿದ ಕರೆ ಒಂದು. ಅಧ್ಯಕ್ಷರು ಫೋನನ್ನು ಮಾರುದ್ದ ಹಿಡಿದು, ಕತ್ತು ಹಿಂದೆ ಮಾಡಿ, ಇನ್ನೂ ನೋಡುತ್ತಿದ್ದರು. ಮೊದಲು ಮೂರು ಅಂಗಡಿಯದು ಮಾಡಿ ನೋಡೋಣ, ದರ್ಜಿಯದರಿಂದ ಶುರುವಾಗಲಿ ಎಂದು ಉಳಿದವರೆಲ್ಲ ಸೇರಿ ಗೊತ್ತುಮಾಡುವ ಹೊತ್ತಿಗೂ ನೋಡುತ್ತಲೇ ಇದ್ದರು.

ಇದಾ-ಅದಾ ಅಧ್ಯಕ್ಷರ ಬಳಿ ಹೋಗಿ ಮೆಲ್ಲಗೆ ಹೇಳಿದರು. “ನಾಳೆ ಹತ್ತೂವರೆಗೆ ಬಂದುಬಿಡಿ ಸಾರ್. ಫೋನು ಮಾಡೋ ತೊಂದ್ರೆ ತಗೋಬೇಡಿ.”