ತಲೆ ಕಳೆದುಕೊಂಡ ಅಲೆ

ವಡೋದರಾದ ಮಕರಪುರದ ಕೇಬಲ್ ಕಾರ್ಖಾನೆಯಲ್ಲಿ ಚಂದ್ರಕಾಂತರಿಗೆ ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ: ತಾಮ್ರದ ತಂತಿಯ ಪರೀಕ್ಷೆ. ಅವರು ತಂತಿಗೆ ಕಿವಿಯಿಟ್ಟರೆ ಸೂರತ್ತಿನಲ್ಲಿ ಯಾರೋ ಸೀನಿದ್ದು ಕೇಳಿಸುತ್ತದೆಂದು ಊರಿನ ಕನ್ನಡದವರೆಲ್ಲ ಹೇಳುತ್ತಿದ್ದರು. ಸೀನಿದವರ ಹೆಸರನ್ನೂ ಹೇಳುತ್ತಿದ್ದರಂತೆ. ಅದು ತುಸು ಹೆಚ್ಚಾಯಿತು, ಬಿಡಿ.

೨೦೦೩ರಲ್ಲಿ ಮಾತ್ರ ಅವರ ಮುಖ ಹುಳಿ ಮಜ್ಜಿಗೆ ಕುಡಿದಂತಿತ್ತು. ಇನ್ನೇನಿದ್ದರೂ ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆಯ ಕಾಲ, ತಾಮ್ರದ ವಿಭಾಗ ಮುಚ್ಚಿ ಅವರನ್ನು ಸೂರತ್ತಿನ ಹತ್ತಿರ ಸಚಿನ್ ಎಂಬ ಊರಿನ ಗೋದಾಮಿಗೆ ಹಾಕುವುದೆಂದು ಅಹಮದಾಬಾದಿನ ದೊಡ್ಡ ಸಾಹೇಬರು ಯೋಚಿಸಿದ್ದರು. ಉಳಿದ ಆಸೆಯೆಂದರೆ ಗೋರ್ವಾ ಬಡಾವಣೆಯಲ್ಲಿ ಬಾಡಿಗೆಗಿದ್ದ ಎಂಜಿನಿಯರ್ ಆಶ್ರಿತಾ. ಆಕೆ ತಂತಿಗೆ ಅಲ್ಲಲ್ಲಿ ಸುರುಳಿ, ಡಯೋಡು ಬೆಸೆದು ಸಾಲಿಟಾನ್ ಎಂಬ ಅಲೆ ಓಡಿಸುತ್ತಿದ್ದಳು. ಮಾಮೂಲಿ ಅಲೆ ದಾರಿಯುದ್ದಕ್ಕೂ ಹರಡಿಕೊಂಡು ಪಕ್ಕದ್ದರ ಮೇಲೆ ಬೀಳುತ್ತದೆ. ಇದು ಮೈ ಬಿಗಿಹಿಡಿದೇ ಓಡುತ್ತದೆ. ಎತ್ತರವಿದ್ದಷ್ಟೂ ವೇಗ. ಹೀಗಾದರೆ ಅದೇ ತಂತಿಯಲ್ಲಿ ಎಷ್ಟೋ ಪಟ್ಟು ಹೆಚ್ಚು ಮಾಹಿತಿ ಕಳಿಸಬಹುದು.

ಸಾಹೇಬರು ನೋಡಲು ಬಂದ ದಿನ ಅಲೆ ತೋರಿಸುವ ಪರದೆಯ ಮೇಲೆ ಕಂಡದ್ದು ಚೆಲ್ಲಿದ ದೋಸೆಹಿಟ್ಟು. ಆಶ್ರಿತಾ ಇದ್ದಬದ್ದ ಗುಂಡಿಗಳನ್ನೆಲ್ಲ ತಿರುವಿದಳು. ಸಾಹೇಬರು ಗಡಿಯಾರ ನೋಡಿ, ಮುದಿ ತಾಮ್ರಕ್ಕೆ ಮತ್ತೆ ಬಾಸಿಂಗ ಕಟ್ಟುವುದು ಬೇಡವೆಂದು ನಕ್ಕು ರೈಲಿಗೆ ಹೊರಟರು.

ಆಶ್ರಿತಾ ಬೆಸುಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಬಂದು ತಂತಿಯ ಮೊದಲ ತುದಿಯಲ್ಲಿ ನಿಂತಳು.

“ಅಂಕಲ್, ಈ ಡಬ್ಬಿ ಎಂತದ್ದು?”

“ಅದಾ? ಮೀಟರ್ ಸುಡದ ಹಾಗೆ. ಐದು ವೋಲ್ಟಿಗಿಂತ ಮೇಲೆ ಬಂದದ್ದನ್ನ ಅಲ್ಲೇ ಕತ್ತರಿಸ್ತದೆ. ನಾನು ಯಾವ ತಂತಿಗಾದ್ರೂ...”

ಕೆಲಸಕ್ಕೆ ಸೇರಿದ ವರ್ಷ ಒಂದು ಮೀಟರ್ ಸುಟ್ಟು ಬೈಸಿಕೊಂಡ ಮೇಲೆ, ಡಬ್ಬಿ ಸಿಕ್ಕಿಸದೆ ಚಂದ್ರಕಾಂತರು ಒಂದು ಗೇಣು ತಂತಿಯನ್ನೂ ಪರೀಕ್ಷಿಸಿದವರಲ್ಲ.

“ಎತ್ತರ ಇದ್ರೆ ತಾನೇ ಅದು ಹರಡದೆ ಓಡೋದು? ಹೊರಡೋ ಮೊದಲೇ ತಲೆ ತೆಗೆದ್ರಲ್ಲ ಅಂಕಲ್” ಎಂದಳು ಆಶ್ರಿತಾ.

ಡಬ್ಬಿ ಕಿತ್ತರು. ಅಲೆ ಈ ತುದಿಯಲ್ಲಿ ಹೊಕ್ಕ ಹಾಗೇ ಆ ತುದಿಯಲ್ಲಿ ಎದ್ದಿತು, ಕ್ರಾಪು ಸಹ ಕೆದರಿರಲಿಲ್ಲ. ನೋಡಲು ಇದ್ದವರು ಇಬ್ಬರೇ.

ಚಂದ್ರಕಾಂತರು ಓಡಿ ಸಾಹೇಬರ ಮೊಬೈಲಿಗೆ ಫೋನ್ ಮಾಡಿದರು. ರೈಲು ಆಗಲೇ ಆಣಂದ್ ದಾಟಿತ್ತು. ತಪ್ಪು ತಂತಿಯದಲ್ಲ, ತನ್ನದೇ ಎಂದು ಮೂರು ಸಲ ಹೇಳಿದರು. ಇಪ್ಪತ್ತೆರಡು ವರ್ಷದ ಕೈಯೇ ತಪ್ಪಿದರೆ ಇನ್ನು ಯಾರನ್ನು ನಂಬಲಿ ಚಂದ್ರಕಾಂತಭಾಯಿ, ವರ್ಗಾವಣೆ ಪತ್ರ ನಾಳೆ ಬರುತ್ತದೆ ಎಂದರು ಸಾಹೇಬರು.

ಚಂದ್ರಕಾಂತರು ಮರಳಿ ಬಂದು ಸಾಮಾನು ಎತ್ತಿಡತೊಡಗಿದರು. ಆಶ್ರಿತಾ ಮೆಲ್ಲಗೆ ಕೆಮ್ಮಿದಳು. ನೋಡಿದರೆ, ಅವರ ಬಲಗೈ ತನ್ನಷ್ಟಕ್ಕೆ ಡಬ್ಬಿಯನ್ನು ಮತ್ತೆ ಅದೇ ತಂತಿಗೆ ಸಿಕ್ಕಿಸುತ್ತಿತ್ತು. ಚಂದ್ರಕಾಂತರು ಎಡಗೈಯಿಂದ ಆ ಕೈಗೊಂದು ಏಟು ಬಿಟ್ಟರು.